ಅಟ್ಟ ಹತ್ತಿದ ಗಿಟಾರು

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಮೊದಲಿಗನೇನಲ್ಲ. ಪಕ್ಕದ ತೋಟದ ತೆಂಗಿನಲ್ಲಿ ಗೊನೆ ಜಗ್ಗಿದರೂ, ಷಡ್ಡಕ ಹೊಸ ಕಾರು ತಂದರೂ ಊಟ ಮಾಡಿ ಸುಮ್ಮನೆ ಮಲಗುತ್ತೇನೆ. ನನ್ನ ಹೊಟ್ಟೆ ಉರಿಯುವುದು ಗ್ರಾಮಫೋನ್ ರೆಕಾರ್ಡಿನ ವಿಷಯದಲ್ಲಿ ಮಾತ್ರ. ಅಮೆರಿಕದ ಕಪ್ಪು ಜನರ ದುಃಖದ ಹಾಡನ್ನು ಇಂಗ್ಲೆಂಡಿನ ಉದ್ದಗೂದಲ ಹುಡುಗರು ಕರೆಂಟಿನ ಗಿಟಾರಿಗೆ ಏರಿಸಿದರಲ್ಲ, ಆ ಬ್ಲೂಸ್-ರಾಕ್ ಆಲ್ಬಮ್ಮುಗಳು ತಿಪಟೂರಿನ ನಮ್ಮ ಮನೆಯಲ್ಲಿ ಐವತ್ತೆರಡಿವೆ. ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಭಾನುವಾರಕ್ಕೊಂದರಂತೆ ಮತ್ತೆ ಕೇಳುತ್ತಿದ್ದೇನೆ. ಕೇಳುವುದಕ್ಕಿಂತ ಬಟ್ಟೆಯಲ್ಲಿ ಒರೆಸುವುದೇ ಹೆಚ್ಚು. "ಪಾಪ, ಏನ್ ಕಷ್ಟ ಬಂದದೆ ಅಂತ ಹಿಂಗ್ ಅಳ್ತಾನ್ರೀ ಅವ್ನು?" ಎಂದು ನನ್ನ ಹೆಂಡತಿ ಗಿರಿಜೆ ಅಡುಗೆಮನೆಯಿಂದ ಕೇಳುತ್ತಾಳೆ.

ಐವತ್ಮೂರನೆಯದು ಇದ್ದದ್ದು ತುರುವೇಕೆರೆಯ ಟೈಲರ್ ಮುನೀರನ ಹತ್ತಿರ. ನಾನು ಇಪ್ಪತ್ತು ವರ್ಷ ಹುಡುಕಿದ ಆಲ್ಬಮ್ಮು ಅವನಿಗೆ ಪುಕ್ಕಟೆ ಸಿಕ್ಕಿತ್ತು. ಹಳೇ ಪ್ಲೇಯರ್ ಕೊಂಡಾಗ ಅದರೊಳಗೇ ಕೂತಿತ್ತಂತೆ. ಅವನ ಬಳಿ ಇದ್ದದ್ದು ಅದೊಂದೇ. ದಿನವೂ ಅದನ್ನೇ ಹಾಕಿಕೊಂಡು, ಡ್ರಮ್ಮಿನ ತಾಳಕ್ಕೆ ಸರಿಯಾಗಿ ಹೊಲಿಗೆ ಮಿಷನ್ನಿನ ಪೆಡಲ್ ತುಳಿಯುತ್ತಿದ್ದ. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೊಂದು ದಿನ, ಕೇಳಿ ಒಂದು ವಾರದಲ್ಲಿ ಕೊಡುತ್ತೇನೆಂದು ಇಸಿದುಕೊಂಡು ಬಂದೆ. ವಾರ ಹೋಗಿ ತಿಂಗಳಾಯಿತು. "ಭಾನುವಾರ ನಾನೇ ಬತ್ತೀನಿ, ಒಟ್ಟಿಗೆ ಕೂತು ಕೇಳನ" ಎಂದು ಅವನು ಫೋನು ಮಾಡಿದಾಗ ನನ್ನ ಬುದ್ಧಿ ಕೆಟ್ಟಿತು. ರೆಕಾರ್ಡನ್ನು ಕೊಬ್ಬರಿ ಅಟ್ಟಕ್ಕೆ ಏರಿಸಿದೆ. ವರ್ಷಗಟ್ಟಲೆ ಕಾಯಿ ಕೆಡದೆ ಕೂತು ಕೊಬ್ಬರಿಯಾಗುವ ಜಾಗ, ರೆಕಾರ್ಡಿಗೇನಾದೀತು ಎಂದುಕೊಂಡೆ. ಅಲುಗಾಡದಿರಲಿ ಎಂದು ಮೇಲೆ ನಾಲ್ಕು ಕಾಯಿಯನ್ನೂ ಇಟ್ಟೆ. ಬೇಸಿಗೆಯಲ್ಲಿ ಅಟ್ಟದ ಮೇಲಿನ ಆ ತಗಡಿನ ಶೀಟಿನ ಕೆಳಗೆ ಬೆಕ್ಕೂ ಮಲಗುವುದಿಲ್ಲ ಎಂಬುದು ನೆನಪಾಗಲಿಲ್ಲ.

ಭಾನುವಾರ ಮುನೀರ ಬಂದ. ಸಂಪಿಗೆ ಊರಿನ ಸ್ನೇಹಿತರೊಬ್ಬರು ರೆಕಾರ್ಡು ಒಯ್ದಿದ್ದಾರೆ ಎಂದೆ. "ಆಯ್ತು ಬುಡಿ, ಬಂದಾಗ ಕೇಳನ" ಎಂದು ಅವನು ಕಾಫಿ ಲೋಟ ಎತ್ತಿಕೊಂಡ. ಅಷ್ಟರಲ್ಲಿ ಗಿರಿಜೆ ಹೊರಗೆ ಬಂದು, "ರೀ, ಅಟ್ಟದಿಂದ ಎಲ್ಡು ಕಾಯಿ ಇಳಿಸ್ಕೊಡಿ, ಕೊಬ್ರಿ ಆಗದ್ಯಾ ನೋಡ್ಬೇಕು" ಎಂದಳು. ನಾಳೆ ನೋಡೋಣ ಎಂದೆ. "ಮಂಡಿ ನೋವಿರೋರು ನೀವ್ಯಾಕ್ ಹತ್ತೀರಿ ಮೇಷ್ಟ್ರೇ, ಕೂತ್ಕಳಿ" ಎನ್ನುತ್ತ ಮುನೀರ ಏಣಿ ಹತ್ತಿಯೇಬಿಟ್ಟ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವ ಸದ್ದು ಕೇಳಿಸಿತು. "ಇದ್ರಲ್ಲಿನ್ನೂ ನೀರೈತೆ ಕಣಕ್ಕಾ... ಇದು ಗುಡುಗುಡು ಅಂತೈತೆ, ಆಗೈತೆ." ಆಮೇಲೆ ಸದ್ದಿಲ್ಲ. ಕೈಯಲ್ಲಿ ಕಾಯಿ, ಕಂಕುಳಲ್ಲಿ ರೆಕಾರ್ಡು ಇಟ್ಟುಕೊಂಡು ಇಳಿದು ಬಂದ.

"ಸಂಪಿಗೆ ನಿಮ್ಮ ಅಟ್ಟದ ಮ್ಯಾಲೇ ಐತಾ ಮೇಷ್ಟ್ರೇ?"

ನಾಚಿಕೆಯಿಂದ ಸತ್ತೇಹೋದೆ. ರೆಕಾರ್ಡು ಹಪ್ಪಳದಂತೆ ಸೊಟ್ಟಗಾಗಿತ್ತು. ಪ್ಲೇಯರಿಗೆ ಹಾಕಿದರೆ ಮುಳ್ಳು ಶೆಟ್ಟಿಕೆರೆ ಬಸ್ಸಿನ ಹಾಗೆ ಎದ್ದು ಬಿದ್ದು ಸಾಗಿತು, ಗಿಟಾರು ನರಳಿತು. ಮುನೀರ ಒಂದು ಮಗ್ಗುಲು ಪೂರ್ತಿ ಕೇಳಿದ, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನನ್ನ ಐವತ್ತೆರಡರಲ್ಲಿ ಯಾವುದು ಬೇಕಾದರೂ ತಗೊ ಎಂದೆ. ಹೆಸರನ್ನೂ ಓದದೆ ಒಂದನ್ನು ಎಳೆದುಕೊಂಡ. ಸವೆದೀತೆಂದು ನಾನು ಎರಡೇ ಸಲ ಹಾಕಿದ್ದ, ಜೀವದಂತೆ ಕಾಪಾಡಿದ್ದ ಆಲ್ಬಮ್ಮು ಅದು. "ಇದು ನಿಮ್ಮತ್ರನೇ ಇರ್ಲಿ, ಆಸೆಪಟ್ಟಿದ್ರಲ್ಲ" ಎಂದು ಸೊಟ್ಟಗಾದದ್ದನ್ನು ನನ್ನ ಕೈಗೇ ಕೊಟ್ಟು ಹೋದ.

ಆಮೇಲೊಂದು ದಿನ ಅವನ ಅಂಗಡಿಗೆ ಹೋದೆ. ನನ್ನ ರೆಕಾರ್ಡು ಹಾಡುತ್ತಿತ್ತು, ಅವನ ಕಾಲು ತಾಳ ತಪ್ಪದೆ ಪೆಡಲ್ ತುಳಿಯುತ್ತಿತ್ತು. ನನ್ನ ಮನೆಯಲ್ಲಿ ಆ ಹಾಡು ಒಮ್ಮೆಯೂ ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ. ಸುಮ್ಮನೆ ಕೂರಲು ಮುಖವಿಲ್ಲದೆ ಒಂದು ಪ್ಯಾಂಟಿಗೆ ಅಳತೆ ಕೊಟ್ಟೆ. ಮುಂದಿನ ವಾರವೂ, ಅದರ ಮುಂದಿನ ವಾರವೂ ಕೊಟ್ಟೆ. ನಿವೃತ್ತರಾದ ಮೇಲೆ ಇಷ್ಟೊಂದು ಪ್ಯಾಂಟು ಯಾಕೆಂದು ಗಿರಿಜೆ ಕೇಳುತ್ತಿದ್ದಾಳೆ. ನಾಳೆ ನಾಲ್ಕನೆಯದರ ಬಟ್ಟೆ ಕೊಡಲು ತುರುವೇಕೆರೆಗೆ ಹೊರಟಿದ್ದೇನೆ.