ಉಳಿದ ಹೊತ್ತಲ್ಲಿ ಎಂತ ಮಾಡ್ತೀರಿ?

ನಮ್ಮ ಭಾವನ ಅಂಗಡಿಯಲ್ಲಿ ಒಂದು ಸಾಮಾನು ಕೊಳ್ಳುವುದಕ್ಕಿಂತ ಸರ್ಕಾರಿ ನೌಕರಿ ಗಿಟ್ಟಿಸುವುದು ಸುಲಭವಾಗಿತ್ತು. ನೌಕರಿಗಾದರೆ ಒಂದೇ ಸಲ ಇಂಟರ್‌ವ್ಯೂ. ಭಾವನಲ್ಲಿ ಇಸ್ತ್ರಿಪೆಟ್ಟಿಗೆಗೊಂದು, ಕುಕ್ಕರಿಗೊಂದು, ಮಿಕ್ಸಿಗೊಂದು! ಜೇಬಿನಲ್ಲಿ ದುಡ್ಡಿದ್ದರೆ ಸಾಲದು, ಪಾಸಾಗಬೇಕು.

ತೀರ್ಥಹಳ್ಳಿಯ ಪೇಟೆಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಎಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ಊರಿನ ಹೆಂಗಸರ ಕನಸಿನಲ್ಲೆಲ್ಲ ಮಿಕ್ಸಿ ಗಿರ್ರನೆ ತಿರುಗುತ್ತಿದ್ದ ಕಾಲ. ಬೇರೆ ಯಾರಾದರೂ ಆಗಿದ್ದರೆ ಅಷ್ಟರಲ್ಲಿ ಮಹಡಿ ಕಟ್ಟಿಸುತ್ತಿದ್ದರು. ನಮ್ಮ ಭಾವ ಗಿರಾಕಿಯನ್ನು ಬೆಂಚಿನ ಮೇಲೆ ಕೂರಿಸಿ, ಕನ್ನಡಕ ಒರೆಸಿಕೊಂಡು, ಗಂಭೀರವಾಗಿ ಕೇಳುತ್ತಿದ್ದರು: "ಇದ್ರಿಂದ ಹೊತ್ತು ಉಳೀತದೆ. ಸರಿ. ಉಳಿದ ಹೊತ್ತಲ್ಲಿ ಎಂತ ಮಾಡ್ತೀರಿ?"

ಮೇಳಿಗೆ ಊರಿನ ಕಡೆಯ ಗೌಡರೊಬ್ಬರು ಹೆಂಡತಿಗೆಂದು ಮಿಕ್ಸಿ ಕೇಳಲು ಬಂದರು.

"ಎಂತ ಮಾಡ್ತಾಳೆ ಅಂದ್ರೆ? ಕೊಟ್ಟಿಗೆ ಕೆಲಸ ಬೇಕಾದಷ್ಟು ಇದ್ಯಲ್ಲ ಮಾರಾಯ್ರೆ!"

"ಹಾಗಾದ್ರೆ ಮಿಕ್ಸಿ ಅವರಿಗಲ್ಲ, ನಿಮ್ಮ ದನಕ್ಕೆ. ದನಕ್ಕೆ ನಾನು ಮಿಕ್ಸಿ ಮಾರಲ್ಲ."

ಗೌಡರು ಸಿಟ್ಟಿನಿಂದ ಎದ್ದು, ಮಿಕ್ಸಿ ಕೊಳ್ಳಲು ಸೀದಾ ಶಿವಮೊಗ್ಗದ ಬಸ್ಸು ಹತ್ತಿದರು. ಭಾವ ಶಾಂತವಾಗಿ ಗಾಜಿನ ಬೀರುವಿನ ಧೂಳು ಒರೆಸಿದರು.

ಇಂಥ ಅಂಗಡಿಯ ಹಿಂದಿನ ಮನೆಯಲ್ಲಿ, ಬೀರುವಿನ ತುಂಬ ಮಿಕ್ಸಿಗಳಿದ್ದರೂ, ನನ್ನ ಅಕ್ಕ ಒರಳುಕಲ್ಲಿನಲ್ಲೇ ರುಬ್ಬುತ್ತಿದ್ದಳು! ಬಲಭುಜ ಹಿಡಿದುಕೊಂಡು ಕೈ ಮೇಲೆತ್ತಲಾಗುತ್ತಿರಲಿಲ್ಲ. ತಲೆ ಬಾಚಲು ಪಕ್ಕದ ಮನೆಯಾಕೆ ಬರಬೇಕಿತ್ತು. ಹೀಗೇ ರುಬ್ಬುತ್ತಿದ್ದರೆ ಆ ಕೈ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಭಾವ, "ಬಂದು ಕೇಳಲಿ, ಕೊಡ್ತೀನಿ. ಮನೆಯವರಿಗೊಂದು ಕಾನೂನು, ಗಿರಾಕಿಗೊಂದು ಕಾನೂನಾ?" ಎನ್ನುತ್ತಿದ್ದರು. ಅಕ್ಕ, "ಕಟ್ಟಿಕೊಂಡ ಗಂಡನ ಎದುರು ಬೆಂಚಿನ ಮೇಲೆ ಕೂತು ಪರೀಕ್ಷೆ ಬರೀಬೇಕಾ? ಕೈ ಹೋದ್ರೆ ಹೋಗ್ಲಿ" ಎನ್ನುತ್ತಿದ್ದಳು. ಇಬ್ಬರ ನಡುವೆ, ಸಾಗರದ ನನ್ನ ಮನೆಯಲ್ಲಿ ಕೂತು ನಿದ್ದೆಗೆಡುತ್ತಿದ್ದವನು ನಾನು. ನನಗಾದರೋ ಚಿಂತೆ ಮಾಡಲು ಕಾರಣವೇ ಬೇಕಿಲ್ಲ. ತೀರ್ಥಹಳ್ಳಿಗೆ ಹೊರಟರೆ ಹೊಸನಗರ ದಾಟುವ ಮೊದಲೇ ಬಸ್ಸಿನ ಬ್ರೇಕು, ಮನೆಯ ನಲ್ಲಿ, ಬೀಗ ಎಲ್ಲದರ ಚಿಂತೆ ಒಂದು ಸುತ್ತು ಮುಗಿದಿರುತ್ತದೆ. ಇಲ್ಲಿ ಕಾರಣವೂ ಇತ್ತಲ್ಲ!

ಭಾವ ಯಂತ್ರದ ವೈರಿಯೇನಲ್ಲ. ಕೋಡೂರಿನ ಮುದುಕಿಯೊಬ್ಬಳು ಕುಕ್ಕರ್ ಕೊಳ್ಳಲು ಬಂದಾಗ ನಾನೇ ಅಲ್ಲಿದ್ದೆ. ಪ್ರಶ್ನೆ ಕೇಳಿ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಎಂತ ಮಾಡೋದು ಮಗಾ, ಮಲಗ್ತೀನಿ. ಲಗ್ನ ಆದಾಗಿಂದ ಹಗಲು ಹೊತ್ತು ಒಂದಿನ ಮಲಗಿದ್ದಿಲ್ಲ." ಭಾವ ಎದ್ದು ನಿಂತರು. ಬೆಲೆ ಇಳಿಸಿದರು. ಕುಕ್ಕರನ್ನು ತಾವೇ ಹೊತ್ತು ಬಸ್‌ಸ್ಟ್ಯಾಂಡಿಗೆ ಹೋಗಿ, ಅವಳಿಗೆ ಕಿಟಕಿ ಪಕ್ಕದ ಸೀಟು ಸಿಗುವ ತನಕ ಡ್ರೈವರನ ಜೊತೆ ಜಗಳವಾಡಿದರು!

ಅದೇ ಧೈರ್ಯದ ಮೇಲೆ ನಾನೊಂದು ಇಸ್ತ್ರಿಪೆಟ್ಟಿಗೆ ಕೇಳಿದೆ. ಪ್ರಶ್ನೆಯನ್ನೂ ಕೇಳದೆ ಫೇಲು ಮಾಡಿದರು.

"ನೀನು ಎಂತ ಮಾಡ್ತೀಯ ಅಂತ ನಂಗೆ ಗೊತ್ತಿಲ್ವನಾ? ಕೂತು ಚಿಂತೆ ಮಾಡ್ತೀಯ. ನಿಂಗೆ ಹೊತ್ತು ಉಳಿಸಿ ಕೊಟ್ರೆ ನನ್ನ ತಂಗಿಯಂಥಾ ನಿನ್ನ ಹೆಂಡ್ತಿ ಶಾಪ ನಂಗೆ ತಟ್ಟುತ್ತೆ."

ಮುದುಡಿದ ಅಂಗಿಯಲ್ಲೇ ಸಾಗರಕ್ಕೆ ಮರಳಿದೆ. ನಗಬೇಡಿ, ಆ ಪ್ರಶ್ನೆ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತು ಬಂತು. ಯಂತ್ರ ಮನುಷ್ಯನ ಕೈಯಿಂದ ಒಂದು ಕೆಲಸ ತೆಗೆದುಕೊಳ್ಳುತ್ತದೆ. ಒಳ್ಳೆಯದೇ. ಖಾಲಿಯಾದ ಆ ಕೈಯಲ್ಲಿ ಏನು ಇಡುತ್ತದೆ? ಬಳಸುವ ವಿಧಾನ ಅಂತ ಡಬ್ಬಿಯೊಳಗೆ ಮಡಚಿಟ್ಟ ಕಾಗದದಲ್ಲಿ ಅದೊಂದನ್ನು ಯಾವ ಕಂಪನಿಯೂ ಬರೆದಿರುವುದಿಲ್ಲ. ಬದುಕು ಹಗುರಾಗುವುದೂ ಬದುಕು ಚೆನ್ನಾಗುವುದೂ ಒಂದೇ ಎಂದು ನಂಬಿ ನಾವು ಗೌಡರ ಹಾಗೆ ಬಸ್ಸು ಹತ್ತುತ್ತಲೇ ಇರುತ್ತೇವೆ.

ಮುಂದಿನ ಸಲ ಹೋದಾಗ ಅಕ್ಕ ನನಗೆ ಎಡಗೈಯಲ್ಲಿ ಕಾಫಿ ಕೊಟ್ಟಳು. ನಾನು ಸೀದಾ ಅಂಗಡಿಗೆ ನಡೆದೆ.

"ಭಾವ, ನಿಮ್ಮ ಸಿದ್ಧಾಂತದ ಮನೆ ಹಾಳಾಗ್ಲಿ! ಅಕ್ಕನ ಕೈ ನೋಡಿದ್ರಾ?"

"ದಿನಾ ನೋಡ್ತಿದೀನಿ." ಅವರ ಧ್ವನಿ ಸಣ್ಣದಾಗಿತ್ತು. "ನಾ ರುಬ್ತೀನಿ ಅಂದ್ರೆ ಬಿಡಲ್ಲ. ಮಿಕ್ಸಿ ಒಳಗೆ ತಗೊಂಡ್ಹೋಗಿ ಇಟ್ಟೆ. 'ಪುಕ್ಕಟೆ ಪಾಸು ಬೇಡ' ಅಂತ ವಾಪಸ್ ತಂದಿಟ್ಲು. ನಾನೇ ಮಾಡಿದ ಕಾನೂನು ಮಾರಾಯ, ನನ್ನ ಕುತ್ತಿಗೆಗೇ ಬಂತು."

ಹಿಂದೆ ಬಳೆಯ ಸದ್ದಾಯಿತು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಬಾಗಿಲಿನಿಂದ ಬರದೆ, ಪಕ್ಕದ ಓಣಿಯಲ್ಲಿ ಸುತ್ತಿ, ಬೀದಿಯಿಂದ ಅಂಗಡಿಯ ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಕೂತಳು. ಬೆರಳಲ್ಲಿನ್ನೂ ದೋಸೆಹಿಟ್ಟು.

"ಒಂದು ಮಿಕ್ಸಿ ಕೊಡಿ."

ಭಾವ ಕೂಡಲೇ ಬೀರುವಿನ ಕಡೆ ತಿರುಗಿದರು.

"ಕೇಳಿ. ಎಲ್ಲರಿಗೂ ಕೇಳ್ತೀರಲ್ಲ."

"ಉಳಿದ ಹೊತ್ತಲ್ಲಿ…" ಎಂದರು ಭಾವ.

"ಗೊತ್ತಿಲ್ಲ," ಎಂದಳು ಅಕ್ಕ. "ಎಂತ ಮಾಡಬೇಕು ಅಂತ ಯೋಚನೆ ಮಾಡಕ್ಕೂ ಹೊತ್ತು ಬೇಕಲ್ಲ? ನಂಗೆ ಅದು ಯಾವತ್ತಿತ್ತು? ಮೊದ್ಲು ಹೊತ್ತು ಕೊಡಿ. ಉತ್ತರ ಆಮೇಲೆ ಹೇಳ್ತೀನಿ."

ಅಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಆ ಉತ್ತರ ಕೊಟ್ಟಿರಲಿಲ್ಲ. ಭಾವ ಕನ್ನಡಕ ತೆಗೆದರು, ಒರೆಸುವುದನ್ನು ಮರೆತರು. ಬೀರುವಿನಿಂದ ಮಿಕ್ಸಿ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವಳಿಗೆ ಎತ್ತಲಾಗದು ಎಂದು ನೆನಪಾಗಿ ತಾವೇ ಹೊತ್ತುಕೊಂಡು ಅವಳ ಹಿಂದೆ ಒಳಗೆ ನಡೆದರು.

ಮರುದಿನ ಬೆಳಿಗ್ಗೆ ಕರೆಂಟು ಕೃಪೆ ಮಾಡಿತು. ಮಿಕ್ಸಿ ಕಿವಿ ಕಿತ್ತು ಹೋಗುವಂತೆ ಕಿರುಚಿ, ನೋಡನೋಡುತ್ತಿದ್ದಂತೆ ರುಬ್ಬುವ ಕೆಲಸ ಮುಗಿಸಿತು. ಅಕ್ಕ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಮಾಡುವುದೇನೂ ಇಲ್ಲದೆ ಅವಳು ಕೂತದ್ದನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ. ಮುಖ ಬಿಸಿಲಿನ ಕಡೆಗಿತ್ತು. ಮಡಿಲಲ್ಲಿದ್ದ ಬಲಗೈ ಮಾತ್ರ, ಅವಳಿಗೇ ಗೊತ್ತಿಲ್ಲದ ಹಾಗೆ, ಇಲ್ಲದ ಗುಂಡುಕಲ್ಲನ್ನು ಹಿಡಿದು ಮೆಲ್ಲಗೆ ಸುತ್ತುತ್ತಿತ್ತು.

ಭಾವ ಅಂಗಡಿಯ ಬಾಗಿಲು ತೆರೆಯಲು ಹೊರಟವರು ಅದನ್ನು ಕಂಡು ನಿಂತರು. ಬಂದು ಪಕ್ಕದಲ್ಲಿ ಕೂತು, ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ಅದು ನಿಲ್ಲುವ ತನಕ ತೆಗೆಯಲಿಲ್ಲ.