ಚೆಂಡು ಆಸ್ಟ್ರೇಲಿಯಾದ್ದು, ಎಣಿಕೆ ವಿಜಯಪುರದ್ದು

ನನ್ನ ಕೆಲಸ ಏನೆಂದು ಬಾಯಿಬಿಟ್ಟ ಕಡೆಯಲ್ಲೆಲ್ಲ ಏನಾದರೊಂದು ನಡೆದೇ ತೀರುತ್ತದೆ. ವಿಜಯಪುರದ ಒಂದು ಕಚೇರಿಯಲ್ಲಿ ಕೂತು ಆಸ್ಟ್ರೇಲಿಯಾದವರ ಫುಟ್‌ಬಾಲ್ ವಿಡಿಯೊ ನೋಡುತ್ತೇನೆ. ಆ ಚೆಂಡು ಮೊಟ್ಟೆಯ ಆಕಾರದ್ದು. ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಒಬ್ಬೊಬ್ಬ ಆಟಗಾರ ಏನೇನು ಮಾಡಿದನೆಂದು ನಾವು ಗುರುತು ಹಾಕಿ ಕಳಿಸಿದರೆ, ಅದನ್ನು ನೋಡಿ ಅಲ್ಲಿನ ತರಬೇತುದಾರರು ತಂಡ ಕಟ್ಟುತ್ತಾರೆ.

ಒತ್ತಡ

ಎದುರಾಳಿಯನ್ನು ಮುಟ್ಟದೆ, ಬರೀ ಬೆನ್ನತ್ತಿ ಗಡಿಬಿಡಿ ಮಾಡಿಸಿದರೂ ಆ ಆಟದಲ್ಲಿ ಲೆಕ್ಕಕ್ಕುಂಟು. ಅದಕ್ಕೆ ‘ಒತ್ತಡ’ ಎಂದು ಹೆಸರು. ಹೊಸದಾಗಿ ಸೇರಿದ ಮಮದಾಪುರದ ಗೆಳೆಯನಿಗೆ ಇದು ತಲೆಗೆ ಹತ್ತಲಿಲ್ಲ. ಮುಟ್ಟಿಯೇ ಇಲ್ಲ ಅಂದಮೇಲೆ ಏನಂತ ಬರೆಯುವುದು ಎಂದು ವಾದಕ್ಕೆ ನಿಂತ. ಅಷ್ಟರಲ್ಲಿ ಮ್ಯಾನೇಜರ್ ಬಂದು ಅವನ ಕುರ್ಚಿಯ ಹಿಂದೆ ಸುಮ್ಮನೆ ನಿಂತರು. ಗೆಳೆಯ ಗಡಿಬಿಡಿಯಲ್ಲಿ ಒತ್ತಿದ್ದೆಲ್ಲ ತಪ್ಪು ಗುಂಡಿಯೇ. ಅವರು ಹೋದಮೇಲೆ ನನ್ನ ಕಡೆ ತಿರುಗಿ, “ಈಗ ತಿಳೀತು ಬಿಡಪಾ,” ಅಂದ.

ಓಟ

ನಿಡೋಣಿಯ ನಮ್ಮ ಸೋದರಮಾವ ಊರಿನ ಕಬಡ್ಡಿ ತಂಡ ನೋಡಿಕೊಳ್ಳುತ್ತಾರೆ. ಆಸ್ಟ್ರೇಲಿಯಾದ ಆಟಗಾರರು ಬೆನ್ನಿಗೆ ಸಣ್ಣ ಯಂತ್ರ ಕಟ್ಟಿಕೊಂಡು ಓಡುತ್ತಾರೆ, ಯಾರ ವೇಗ ಎಷ್ಟೆಂದು ಅದರಲ್ಲಿ ತಿಳಿಯುತ್ತದೆ ಎಂದೆ. ನಮ್ಮವರಿಗೂ ಮಾಡು ಎಂದರು. ಯಂತ್ರ ಎಲ್ಲಿಂದ ತರುವುದು? ಎಲ್ಲರ ಕಿಸೆಯಲ್ಲಿ ಮೊಬೈಲ್ ಇಡಿಸಿ ಬಬಲೇಶ್ವರದ ರಸ್ತೆಯಲ್ಲಿ ಓಡಿಸಿದೆವು. ಒಬ್ಬನ ವೇಗದ ಮುಂದೆ ಕುದುರೆಯೂ ಸೋಲಬೇಕು. ವಿಚಾರಿಸಿದರೆ, ತಿರುವು ದಾಟಿದ ಕೂಡಲೇ ಆಸಾಮಿ ಅಲ್ಲಿ ನಿಲ್ಲಿಸಿದ್ದ ತನ್ನ ಬೈಕ್ ಹತ್ತಿದ್ದ. ಇವನನ್ನು ತಂಡದಿಂದ ತೆಗೆಯಿರಿ ಎಂದೆ. ಮಾವ ಒಪ್ಪಲಿಲ್ಲ.

“ಮುಂದಿನ ಮ್ಯಾಚ್ ಜೈನಾಪುರದಾಗ ಐತಿ. ಗಾಡಿ ಇದ್ದಾಂವ ಒಬ್ಬ ಬೇಕಲ್ಲೋ.”

ಗೆಲುವು

ಹೆಣ್ಣು ನೋಡಲು ತಿಕೋಟಾಕ್ಕೆ ಹೋಗಿದ್ದೆವು. ಹುಡುಗಿ ನನಗೆ ನೋಡಿದ ಕೂಡಲೇ ಮನಸ್ಸಿಗೆ ಬಂದಿದ್ದಳು. ಅವಳ ತಂದೆ ನೌಕರಿ ಕೇಳಿದರು, ವಿವರಿಸಿದೆ. ಆ ದೇಶದವರಿಗೆ ಎಣಿಸಲು ಬರುವುದಿಲ್ಲವೇನು ಎಂದರು. ಅದಕ್ಕೂ ಏನೋ ಹೇಳಿದೆ. ಕಡೆಗೆ, “ನಿನ್ನಿ ನೋಡಿದ ಮ್ಯಾಚ್ ಯಾರು ಗೆದ್ದರ್ರಿ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ನನ್ನ ಪಾಲಿಗೆ ಕೊಟ್ಟದ್ದು ಒಬ್ಬನೇ ಆಟಗಾರ. ಅವನು ಎಲ್ಲೆಲ್ಲಿ ಎಡವಿದ ಎಂಬುದನ್ನು ಹೇಳಬಲ್ಲೆ, ಗೆದ್ದವರನ್ನು ನೋಡಿಲ್ಲ ಎಂದೆ. ಅವರು ಎದ್ದು ಒಳಗೆ ಹೋದರು. ಇಡೀ ಆಟ ನೋಡಿ ಗೆದ್ದವರು ಯಾರೆಂದು ತಿಳಿಯದವನಿಗೆ ಮಗಳನ್ನು ಹೇಗೆ ಕೊಡುವುದು ಎಂದು ಹೆಂಡತಿಗೆ ಹೇಳಿದ್ದು ಪಡಸಾಲೆಗೂ ಕೇಳಿಸಿತು. ನನ್ನ ಕೈಯ ಚಹಾ ಆರಿಹೋಯಿತು.

ನಮ್ಮ ಮದುವೆ ಗಟ್ಟಿಯಾದದ್ದು ಆ ತಾಯಿ ಕೊಟ್ಟ ಉತ್ತರದಿಂದ. ಅದೂ ಕೇಳಿಸಿತು:

“ಇಂಥಾಂವಗ ಕೊಡಬೇಕ್ರಿ. ಮನ್ಯಾಗ ದಿನಾ ಗೆಲ್ಲಾಕಿ ಯಾರಂತ ಅವಗ ಗೊತ್ತ ಆಗಂಗಿಲ್ಲ.”