ಸುರಪುರದ ಮಾಳಿಗೆಯ ಮೇಲೊಬ್ಬ ಆಳು

ಬಿಸಿಲು ಅಳೆಯುವುದೇ ನನ್ನ ನೌಕರಿ ಅಂದರೆ ಎಲ್ಲರೂ ನಗುತ್ತಾರೆ. ಆ ನೌಕರಿಯನ್ನು ಯಾದಗಿರಿ ಸೀಮೆಯಲ್ಲಿ ಮಾಡಿದವನಿಗೆ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ, ಅವೇ ಏಣಿ ಹತ್ತಿ ಬರುತ್ತವೆ. ಯಾದಗಿರಿ, ಶಹಾಪುರ, ಸುರಪುರ, ಮೂರೂ ಕಡೆ ಮಾಳಿಗೆಯ ಮೇಲೆ ನಮ್ಮದೊಂದೊಂದು ಯಂತ್ರ ಇತ್ತು. ತಂಬಿಗೆಯಷ್ಟು ಗಾತ್ರ, ತಲೆಯ ಮೇಲೆ ಗಾಜಿನ ಗುಮ್ಮಟ. ಚರ್ಮ ಸುಡುವ, ಕಣ್ಣು ಕೆಡಿಸುವ ನೇರಳಾತೀತ ಕಿರಣ ಎಷ್ಟು ಬೀಳುತ್ತದೆ ಎಂದು ಅದು ದಿನವಿಡೀ ಅಳೆಯುತ್ತಿತ್ತು. ನಾನು ಬಸ್ಸಿನಲ್ಲಿ ಮೂರೂ ಊರು ಸುತ್ತಿ ಆ ಲೆಕ್ಕ ತರುತ್ತಿದ್ದೆ. ಯಂತ್ರಗಳು ಒಂದು ದಿನವೂ ತಕರಾರು ತೆಗೆಯಲಿಲ್ಲ. ತೆಗೆದದ್ದೆಲ್ಲ ಮನುಷ್ಯರು ಮತ್ತು ಬೆಳ್ಳಕ್ಕಿಗಳು.

೧. ಗುಳ್ಳೆ

ಆಗ ಎಲ್ಲರ ಬಾಯಲ್ಲೂ ಬರಲಿರುವ ನೀರಾವರಿ ಕಾಲುವೆಯದೇ ಮಾತು. ಪೆಟ್ಟಿಗೆ ಹಿಡಿದು ಬಸ್ಸಿಳಿದವರೆಲ್ಲ ಕಾಲುವೆ ಸಾಹೇಬರೇ. ಯಂತ್ರ ಸಮನಾಗಿ ಕೂತಿದೆಯೋ ಇಲ್ಲವೋ ನೋಡಲು ಅದರಲ್ಲೊಂದು ನೀರಿನ ಗುಳ್ಳೆ ಇರುತ್ತದೆ, ಗೌಂಡಿಗಳ ಮಟ್ಟದಪಟ್ಟಿಯಲ್ಲಿ, ಕಾಲುವೆ ಅಳೆಯುವವರ ದುರ್ಬೀನಿನಲ್ಲಿ ಇರುವಂಥದ್ದೇ. ಶಹಾಪುರದಲ್ಲಿ ನಾನು ಅದನ್ನು ಸರಿಮಾಡುತ್ತಿದ್ದಾಗ ಶಿರವಾಳದ ರೈತರೊಬ್ಬರು ಏಣಿ ಹತ್ತಿ ಬಂದು ಪಕ್ಕದಲ್ಲೇ ಕೂತರು.

"ಸಾಹೇಬ್ರ, ಕಾಲುವಿ ಯಾವ ಕಡಿ ಹೊಂಟೈತ್ರಿ?"

"ಇದು ಕಾಲುವಿದಲ್ರಿ ಯಜಮಾನ್ರ, ಬಿಸಲು ಅಳಿಯೋದು."

"ಬಿಸಲು ಅಳ್ಯಾಕ ಸರಕಾರ ಮಂದೀನ ಇಟ್ಟೈತೇನ್ರಿ? ಅದೇನ ನಮಗ ಕಮ್ಮಿ ಬಿದ್ದೈತೇನು?" ಎಂದು ನನ್ನನ್ನೇ ದಿಟ್ಟಿಸಿದರು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಹೋಗ್ಲಿ ಬಿಡ್ರಿ, ಹೇಳಬ್ಯಾಡ್ರಿ. ಆ ಗುಳ್ಳಿ ಜರಾ ನಮ್ಮ ಹೊಲದ ಕಡಿ ಸರಸ್ರಿ."

೨. ಗೋಣಿತಟ್ಟು

ಸುರಪುರದ ಯಂತ್ರ ಬೀಜದ ಗೋದಾಮಿನ ಮಾಳಿಗೆಯ ಮೇಲಿತ್ತು. ದಿನಾ ಗಾಜು ಒರೆಸಿ ಕಾಯಲು ದಿನಗೂಲಿಯ ಮೇಲೆ ಒಬ್ಬ ಹೆಂಗಸು ಇದ್ದರು. ನನಗೆ ಅವರು ಅಕ್ಕ, ಅವರಿಗೆ ನಾನು ತಮ್ಮ. ಮೊದಲು ಹೊಳೆದಂಡೆಯ ಗದ್ದೆಯಲ್ಲಿ ದಿನವಿಡೀ ಬಗ್ಗಿ ಭತ್ತ ನಾಟಿ ಮಾಡುತ್ತಿದ್ದವರು, ನಡು ಹಿಡಿದುಹೋಗಿತ್ತು. ನಿಂತು ಮಾಡುವ ಈ ಕೆಲಸ ಅಂದರೆ ಅವರಿಗೆ ಜೀವ.

ಒಂದು ಬೇಸಿಗೆ ದೊಡ್ಡ ಕಚೇರಿಯಿಂದ ಕಾಗದ ಬಂತು. ಯಾದಗಿರಿ, ಶಹಾಪುರದಲ್ಲಿ ಮಧ್ಯಾಹ್ನ ಬೆಂಕಿ ಸುರಿಯುತ್ತಿದೆ, ಸುರಪುರದಲ್ಲಿ ಮಾತ್ರ ಹನ್ನೆರಡರಿಂದ ಮೂರರವರೆಗೆ ಕತ್ತಲು, ಕಾರಣವೇನು? ಹೇಳದೆ ಕೇಳದೆ ಹೋಗಿ ಏಣಿ ಹತ್ತಿದೆ. ನೀರಿನ ಕೊಡಕ್ಕೆ ಸುತ್ತುವ ಹಾಗೆ ಯಂತ್ರಕ್ಕೆ ಒದ್ದೆ ಗೋಣಿತಟ್ಟು ಸುತ್ತಿತ್ತು.

"ಅಕ್ಕಾ, ಏನಿದು?"

"ನೋಡಿ ತಡ್ಯಾಕ ಆಗ್ಲಿಲ್ಲೋ ತಮ್ಮಾ. ಬಿಸಲಾಗ ದುಡದ ಜೀವ ನಂದು, ಅದರ ಸಂಕಟ ನನಗ ಗೊತ್ತೈತಿ. ಪಾಪ, ಬಾಯಿಲ್ಲದ್ದು."

ಬಿಸಿಲಲ್ಲಿ ನಿಲ್ಲುವುದೇ ಅದರ ಕೆಲಸ ಎಂದು ತಿಳಿಸಿ ಹೇಳಿದೆ. ಅಕ್ಕ ಗೋಣಿತಟ್ಟು ಬಿಚ್ಚಿ ಹಿಂಡುತ್ತ, "ಹಂಗಾರ ಕೂಲಿ ಅದಕ್ಕ ಕೊಡಬೇಕಾಗಿತ್ತು" ಅಂದರು.

೩. ದುಡಿದ ಅಂಗಿ

ಮತ್ತೊಮ್ಮೆ ಮಧ್ಯಾಹ್ನದ ಲೆಕ್ಕ ತಪ್ಪಿದರೆ ಸುರಪುರದ ಯಂತ್ರ ಕೀಳುತ್ತೇವೆ ಎಂದು ಕಚೇರಿ ಬರೆಯಿತು. ಯಂತ್ರ ಹೋದರೆ ಅಕ್ಕ ಮತ್ತೆ ಗದ್ದೆಗೆ ಹೋಗಬೇಕು. ಅಷ್ಟರಲ್ಲಿ ಕಾಲುವೆ ನೀರು ಗೋದಾಮಿನ ಹಿಂದಕ್ಕೂ ಬಂತು, ಜೋಳದ ಹೊಲಗಳು ಗದ್ದೆಯಾದವು, ಬೆಳ್ಳಕ್ಕಿಗಳ ಹಿಂಡು ಇಳಿಯಿತು. ಉಣ್ಣಲು ಗದ್ದೆ, ಉಂಡ ಮೇಲೆ ಕೂರಲು ನಮ್ಮ ಗುಮ್ಮಟ! ಅಕ್ಕ ಒಂದು ವಾರ ಕೋಲು ಹಿಡಿದು ಓಡಿಸಿ ಸುಸ್ತಾದರು. ಕೊನೆಗೆ ಗಂಡನ ಹಳೆಯ ಖಾಕಿ ಅಂಗಿ, ಧೋತರ, ತಲೆಗೊಂದು ರುಮಾಲು ಸುತ್ತಿ ಹುಲ್ಲಿನ ಬೆದರುಬೊಂಬೆ ನಿಲ್ಲಿಸಿದರು. ನೆರಳು ಯಂತ್ರಕ್ಕೆ ತಾಗದಂತೆ ನಾನೇ ಅದನ್ನು ದೂರ ಸರಿಸಿದೆ. ಬೆಳ್ಳಕ್ಕಿಗಳು ಆ ಕಡೆ ಸುಳಿಯಲಿಲ್ಲ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಈ ಅಂಗಿ ದುಡಿಯೋದು ನಾ ಇವತ್ತ ನೋಡಿದೆ, ತಮ್ಮಾ."

೪. ಕಾಯಂ

ಯಂತ್ರ ಇಡಬೇಕೋ ಕೀಳಬೇಕೋ ತೀರ್ಮಾನಿಸಲು ದೊಡ್ಡ ಸಾಹೇಬರೇ ಜೀಪಿನಲ್ಲಿ ಬಂದರು. ನಡುಮಧ್ಯಾಹ್ನ. ನೇರಳಾತೀತ ಕಿರಣದ ಬಗ್ಗೆ ಜನ್ಮವೆಲ್ಲ ಓದಿದವರು, ಹಾಗಾಗಿ ಬಿಸಿಲಿಗೆ ಇಳಿಯಲಿಲ್ಲ. ರಸ್ತೆಯಲ್ಲಿ ಜೀಪು ನಿಲ್ಲಿಸಿ, ಒಳಗಿನಿಂದಲೇ ಮಾಳಿಗೆಯನ್ನು ಅರ್ಧ ತಾಸು ನೋಡಿ ಹೊರಟುಹೋದರು. ಅಕ್ಕ ಆಗ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡಿದ್ದರು.

ವಾರದ ಮೇಲೆ ಆದೇಶ ಬಂತು. ಅಕ್ಕನಿಗೆ ಓದಿ ಹೇಳಿದೆ. ಯಂತ್ರ ಮುಂದುವರಿಯಲಿ. ಅಂಥ ಬಿಸಿಲಲ್ಲೂ ಕದಲದೆ ಯಂತ್ರ ಕಾಯುತ್ತಿದ್ದ ಖಾಕಿ ಅಂಗಿಯ ಆಳನ್ನು ಕಾಯಂ ಮಾಡಿ. ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ ಹೆಂಗಸನ್ನು ತೆಗೆಯಿರಿ.

ಅಕ್ಕನ ಮುಖ ನೋಡಲಾಗಲಿಲ್ಲ. ನಾನು ಅಂದೇ ಬಸ್ಸು ಹತ್ತಿ ಹೋಗಿ ಸಾಹೇಬರಿಗೆ ನಿಜ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆ ಆಳನ್ನು ನೋಡಿ ಕಲಿಯಿರಿ ಎಂದು ಉಳಿದ ಊರುಗಳಿಗೂ ಬರೆದುಬಿಟ್ಟಿದ್ದರಂತೆ. "ಹೊರಗೆ ಹೇಳಬೇಡಿ" ಎಂದು ಹೊಸ ಕಾಗದ ಬರೆದರು: ಸದರಿ ಆಳು ಕೆಲಸ ಬಿಟ್ಟಿರುವುದರಿಂದ ಅವನ ಜಾಗಕ್ಕೆ ಸದರಿ ಹೆಂಗಸನ್ನು ಕಾಯಂ ಮಾಡಿದೆ.

ಕಾಗದ ಕೇಳಿ ಅಕ್ಕ ಅತ್ತರು, ಅಳುತ್ತಲೇ ನಕ್ಕರು. ನನ್ನ ಕಣ್ಣೂ ತುಂಬಿ ಬಂತು.

ಮುಂದಿನ ಸಲ ಹೋದಾಗ ಅಕ್ಕ ಬೇವಿನ ನೆರಳಲ್ಲೇ ಕಾಲು ಚಾಚಿ ಕೂತಿದ್ದರು. ಮಾಳಿಗೆಯ ಮೇಲೆ ಬೊಂಬೆ ಹೊಸ ರುಮಾಲು ಸುತ್ತಿಕೊಂಡು ನಿಂತಿತ್ತು.

"ಅಕ್ಕಾ, ಅವ ಕೆಲಸ ಬಿಟ್ಟಾನ ಅಂತ ಕಾಗದದಾಗ ಬರದೈತಿ. ಇನ್ನೂ ಅಲ್ಲೇ ನಿಂತಾನಲ್ಲ?"

"ಮತ್ತ ಕಾಯಂ ಆದಾಕಿ ನಾ ಬಿಸಲಾಗ ನಿಂದ್ರಬೇಕೇನು?" ಅಂದರು ಅಕ್ಕ. "ಅವನ್ನ ದಿನಗೂಲಿ ಮ್ಯಾಲೆ ಇಟ್ಕೊಂಡೀನಿ."